ಕಾಮಾಲೆ ಕೋಟು

ಎಲ್ಲ ಆಗಿದ್ದು ಒಂದು ಇಲಿಯಿಂದ. ಇಲಿ ಏನೂ ಮಾಡಲಿಲ್ಲ ಪಾಪ. ಮೆಟ್ಟಿಲ ಕೆಳಗಿನ ಬಿಲದಿಂದ ಹೊರಗೆ ಬಂದು, ಒಂದು ಕ್ಷಣ ನಿಂತು, ಮೀಸೆ ಅಲ್ಲಾಡಿಸಿ, ಚರಂಡಿಗೆ ಇಳಿದು ಹೋಯಿತು, ಅಷ್ಟೆ. ಆದರೆ ಅದು ಎಷ್ಟು ದೊಡ್ಡದಿತ್ತು ಅಂತ ಪಕ್ಕದ ಕಟಿಂಗ್ ಶಾಪಿನವನಿಗೆ ತೋರಿಸಬೇಕಾಯಿತಲ್ಲ, ಗ್ರಹಚಾರ ವಕ್ಕರಿಸಿದ್ದು ಅಲ್ಲಿ. ಕೆಲವು ಇಲಿಗಳನ್ನು ಒಂದೇ ಕೈಯಲ್ಲಿ ತೋರಿಸಬಹುದು. ಈ ಇಲಿಗೆ ಎರಡೂ ಕೈ ಬೇಕಿತ್ತು.

ತೋರಿಸಿದವನು ಇಸ್ತ್ರಿಯವನು. ಅವನ ಬಲಗೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು. ಎರಡೂ ಕೈ ಬೇಕು ಅಂದಮೇಲೆ ಪೆಟ್ಟಿಗೆಯನ್ನು ಎಲ್ಲಾದರೂ ಇಡಬೇಕಲ್ಲ, ಇಟ್ಟ. ಎಲ್ಲಿ ಇಟ್ಟೆ ಅಂತ ನೋಡಲಿಲ್ಲ.

“ಇಷ್ಟಿತ್ತು ಕಣಯ್ಯಾ! ಬಾಲ ಬಿಟ್ಟು ಇಷ್ಟು!”

“ಬೆಕ್ಕಿರ್ಬೇಕು ಅಣ್ಣ.”

“ಬೆಕ್ಕಿಗೂ ಇಲಿಗೂ ವ್ಯತ್ಯಾಸ ಗೊತ್ತಿಲ್ಲದೇ ನಾನು ಇಷ್ಟು ವರ್ಷ ಬದುಕಿದ್ದೀನೇನಯ್ಯಾ?”

“ಹಾಗಾದ್ರೆ ಬಾಲ ಎಷ್ಟಿತ್ತು?”

ಬಾಲಕ್ಕೆ ಕೈಗಳನ್ನು ಇನ್ನೂ ಅಗಲ ಮಾಡಬೇಕಾಯಿತು. ಒಂದು ಕೈ ಗೋಡೆಗೆ ತಾಗಿತು. ಕಟಿಂಗ್ ಶಾಪಿನವನು ಬಾಲವನ್ನು ನಂಬುವುದೋ ಬೇಡವೋ ಅಂತ ಯೋಚಿಸುತ್ತ, ಮೂಗು ಅರಳಿಸಿ, “ಅಣ್ಣಾ, ಏನೋ ಸೀದ ವಾಸನೆ” ಅಂದ.

ಇಸ್ತ್ರಿಯವನು ತಿರುಗಿ ಪೆಟ್ಟಿಗೆ ಎತ್ತಿದ. ಮೇಜಿನ ಮೇಲೆ ಇಸ್ತ್ರಿಗೆ ಹಾಸಿದ್ದ ಕೋಟಿನ ಬೆನ್ನಿನ ನಟ್ಟನಡುವೆ, ದೋಣಿಯ ಆಕಾರದ ಒಂದು ತೂತು. ತೂತಿನ ಒಳಗಿನಿಂದ ಮೇಜಿನ ಹಲಗೆ ಇವನನ್ನೇ ನೋಡುತ್ತಿತ್ತು.

ಈ ಇಸ್ತ್ರಿಯವನಿಗೆ ಬೀದಿಯವರೆಲ್ಲ ಮುದ್ರೆಯಣ್ಣ ಅಂತ ಹೆಸರಿಟ್ಟಿದ್ದರು. ಅವನ ಕೈಗೆ ಹೋದ ಬಟ್ಟೆಯ ಮೇಲೆ ಇವತ್ತಲ್ಲ ನಾಳೆ ಇಸ್ತ್ರಿಪೆಟ್ಟಿಗೆಯ ಮುದ್ರೆ ಬಿದ್ದೇ ಬೀಳುತ್ತಿತ್ತು. ಕೆಲಸ ಬಾರದವನಲ್ಲ. ಅವನು ಹಾಕಿದ ಮಡಿಕೆಯ ಮೇಲೆ ಬೆರಳಿಟ್ಟರೆ ಬೆರಳು ಕುಯ್ಯಬೇಕು, ಅಷ್ಟು ಚೂಪು. ಅವನ ರೋಗವೇ ಬೇರೆ. ಬಾಯಿ ಓಡಲು ಶುರುವಾದರೆ ಕೈ ನಿಂತುಬಿಡುತ್ತಿತ್ತು. ದೇವರು ಎರಡಕ್ಕೂ ಸೇರಿಸಿ ಒಂದೇ ಗೇರು ಕೊಟ್ಟಿದ್ದ.

ಸುಟ್ಟದ್ದು ಬೇರೆ ಯಾರದಾದರೂ ಆಗಿದ್ದರೆ ಕೈಕಾಲು ಹಿಡಿದು ಬಚಾವಾಗಬಹುದಿತ್ತು. ಇದು ಮೂರನೇ ಮಹಡಿಯ ಸೆಕ್ರೆಟರಿಯವರ ಕೋಟು. ಆ ಕಟ್ಟಡದಲ್ಲಿ ನೀರು ಬಿಡುವುದು, ದೀಪ ಆರಿಸುವುದು, ಯಾರ ಸೈಕಲ್ಲು ಎಲ್ಲಿ ನಿಲ್ಲಬೇಕು ಅನ್ನುವುದು, ಎಲ್ಲ ಸೆಕ್ರೆಟರಿಯವರ ತೀರ್ಮಾನ. ಮುದ್ರೆಯಣ್ಣ ಮೇಜು ಹಾಕಿಕೊಂಡಿದ್ದ ಮೆಟ್ಟಿಲ ಕೆಳಗಿನ ಜಾಗವೂ ಅವರು ಬಿಟ್ಟುಕೊಟ್ಟದ್ದೇ. ಈಗ ಆ ಜಾಗಕ್ಕೆ ಕುತ್ತು ಬಂದಿತ್ತು. ಯಾವುದೋ ಲಾಂಡ್ರಿ ಕಂಪನಿಯವರು ವ್ಯಾನು ತಂದು ನಿಲ್ಲಿಸಿ, “ಈ ಮೂಲೆ ನಮಗೆ ಕೊಡಿ, ನಿಮ್ಮ ಬಟ್ಟೆಯ ಒಂದು ದಾರ ಸುಟ್ಟರೂ ಕೇಳಿ” ಅಂದಿದ್ದರು. ಮುದ್ರೆಯಣ್ಣನ ಮುದ್ರೆ ಬಿದ್ದ ಬಟ್ಟೆಯವರೆಲ್ಲ ಹೂಂ ಹೂಂ ಅಂದಿದ್ದರು. ತೀರ್ಮಾನ ಇವತ್ತು ಸಂಜೆಯ ಸಭೆಯಲ್ಲಿ. ಆ ಸಭೆಗೆ ಸೆಕ್ರೆಟರಿ ಹಾಕಿಕೊಂಡು ಹೋಗಬೇಕಾದ ಕೋಟು ಇದೇ.

ಕೋಟಿನ ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹಳದಿಯಲ್ಲ, ಹಸಿರಲ್ಲ, ಕಂದೂ ಅಲ್ಲ. ಕಾಮಾಲೆ ಬಂದವನ ಕಣ್ಣು ನೋಡಿದ್ದೀರಾ? ಅದೇ. ಬೀದಿಯ ಆ ತುದಿಯಲ್ಲಿ ಸೆಕ್ರೆಟರಿ ತಿರುಗಿದರೆ ಈ ತುದಿಯಲ್ಲಿ ಮೊದಲು ಕೋಟು ಕಾಣುತ್ತಿತ್ತು, ಆಮೇಲೆ ಅವರು.

ಮೇಲಿನ ಮನೆಗಳಿಂದ ಬಟ್ಟೆ ಗಂಟು ಹೊತ್ತು ಇಳಿದು ಬಂದ ಮುದ್ರೆಯಣ್ಣನ ಹೆಂಡತಿ ತೂತನ್ನು ನೋಡಿದಳು. ಗಂಟನ್ನು ನಿಧಾನವಾಗಿ ಕೆಳಗಿಟ್ಟಳು.

“ರೀ, ಇದು ಯಾರದು ಅಂತ ಗೊತ್ತೇನ್ರೀ?”

“ಗೊತ್ತು ಕಣೇ.”

“ಈ ಕೋಟು ಬಂದ ದಿನ ಬಾಯಿಗೆ ಬೀಗ ಹಾಕ್ಕೊಳ್ಳಿ ಅಂತ ಎಷ್ಟು ಸಲ ಹೇಳಿದ್ದೀನಿ? ಇಷ್ಟು ವರ್ಷ ಹಾಕ್ಕೊಂಡೂ ಇದ್ರಲ್ಲ, ಇವತ್ತೇನು ಬಂತು?”

“ಇಲಿ...”

“ಇಲಿ ಬಂದು ಇಸ್ತ್ರಿ ಮಾಡ್ತಾ?”

“ಅಕ್ಕಾ, ಅಣ್ಣನದೇನೂ ತಪ್ಪಿಲ್ಲ, ಬಾಲ ಎಷ್ಟಿತ್ತು ಅಂತ ನಾನೇ ಕೇಳಿದೆ” ಅಂತ ಕಟಿಂಗ್ ಶಾಪಿನವನು ಮಧ್ಯೆ ಬಾಯಿ ಹಾಕಿದ. ಅವನ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿಯೊಬ್ಬ ಆಗಲೇ ನಿದ್ದೆ ಹೋಗಿದ್ದ.

“ಈ ಜಾಗ ಹೋದ್ರೆ ಎಲ್ಲಿಗೆ ಹೋಗೋಣ?” ಅಂತ ಹೆಂಡತಿ ಕೇಳಿದಳು. ಬೈಗುಳದ ದನಿ ಹೋಗಿ ಬರೀ ದನಿ ಉಳಿದಿತ್ತು. ಮುದ್ರೆಯಣ್ಣನಿಗೆ ಬೈದರೆ ತಡೆದುಕೊಳ್ಳುವ ಅಭ್ಯಾಸವಿತ್ತು, ಇದನ್ನು ತಡೆದುಕೊಳ್ಳುವ ಅಭ್ಯಾಸವಿರಲಿಲ್ಲ.

“ಅಂಥದ್ದೇ ಇನ್ನೊಂದು ತರೋಣ” ಅಂದ.

“ಅಂಥ ಬಣ್ಣವನ್ನ ಯಾರಾದರೂ ಎರಡನೇ ಸಲ ಮಾಡ್ತಾರಾ?”

ಆದರೂ ಸುಟ್ಟ ಕೋಟನ್ನು ಬಗಲಲ್ಲಿ ಅಡಗಿಸಿಕೊಂಡು ಬೀದಿ ಕೊನೆಯ ರೆಡಿಮೇಡ್ ಅಂಗಡಿಗೆ ಓಡಿದ. ಅಂಗಡಿಯವನು ಕೋಟನ್ನು ನೋಡಿದ್ದೇ ತಡ, ಕಳೆದುಹೋದ ನೆಂಟ ಸಿಕ್ಕವನ ಹಾಗೆ ಎದ್ದು ನಿಂತ.

“ಅಯ್ಯಯ್ಯೋ! ಇದರ ತಮ್ಮ ನಮ್ಮ ಅಟ್ಟದ ಮೇಲೆ ಇದ್ದಾನೆ ಕಣಯ್ಯಾ! ಎರಡೇ ಬಂದಿದ್ದು. ಒಂದು ಆ ಸೆಕ್ರೆಟರಿ ಹೆಂಡತಿ ಆರಿಸ್ಕೊಂಡು ಹೋದ್ರು. ಇನ್ನೊಂದನ್ನ ಬಾಗಿಲಿಗೆ ನೇತು ಹಾಕಿದ್ದೆ, ಗಿರಾಕಿಗಳು ಬಾಗಿಲಿಂದಲೇ ವಾಪಸ್ ಹೋಗ್ತಿದ್ರು. ತೆಗೆದು ಮೇಲಿಟ್ಟೆ, ವ್ಯಾಪಾರ ಚೆನ್ನಾಯ್ತು.”

ಅಟ್ಟದಿಂದ ಇಳಿದ ಕೋಟು ಪ್ಲಾಸ್ಟಿಕ್ಕಿನ ಒಳಗೆ ಹುಟ್ಟಿದ ದಿನದ ಹಾಗೇ ಇತ್ತು. ಅಂಗಡಿಯ ಬಟ್ಟೆಗಳನ್ನು ಸ್ವಲ್ಪ ದಿನ ಪುಕ್ಕಟೆ ಇಸ್ತ್ರಿ ಮಾಡಿಕೊಡುವುದು ಅಂತ ಮಾತಾಯಿತು. “ಮಾಡ್ಕೊಡು, ಆದ್ರೆ ನಾನು ಎದುರಿಗೆ ಕೂತಿರ್ತೀನಿ” ಅಂತ ಅಂಗಡಿಯವನು ಒಂದು ಷರತ್ತು ಸೇರಿಸಿದ.

ಗೆದ್ದೆ ಅಂದುಕೊಂಡು ಬಂದ ಮುದ್ರೆಯಣ್ಣ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹಾಸಿದ. ಹೆಂಡತಿ ನೋಡಿದಳು, ಕಟಿಂಗ್ ಶಾಪಿನವನು ನೋಡಿದ, ನೊರೆ ಮುಖದ ಗಿರಾಕಿಯೂ ಎದ್ದು ಬಂದು ನೋಡಿದ. ಹಳೆಯ ಕೋಟು ಊಟ ಮಾಡಿ ಅಡ್ಡಾದ ಮುದುಕನ ಹಾಗೆ ಮಲಗಿತ್ತು. ಹೊಸದು ಮೊದಲ ದಿನ ಕೆಲಸಕ್ಕೆ ಬಂದ ಪೊಲೀಸಿನವನ ಹಾಗೆ ಮಲಗಿದಲ್ಲೇ ಎದೆ ಸೆಟೆಸಿತ್ತು.

“ಕುರುಡನೂ ಕಂಡು ಹಿಡೀತಾನೆ” ಅಂದ ನೊರೆ ಮುಖದವನು.

“ಹೊಸದನ್ನ ಹಳೇದು ಮಾಡೋದೇನು ಮಹಾ! ಕಾಲ ಮಾಡೋ ಕೆಲಸ ನಾವು ಸಂಜೆಯೊಳಗೆ ಮಾಡೋಣ” ಅಂದ ಕಟಿಂಗ್ ಶಾಪಿನವನು.

ಹೆಂಡತಿ ಹಳೆಯ ಕೋಟನ್ನು ಎತ್ತಿ ತಿರುಗಿಸುತ್ತ ಹೇಳತೊಡಗಿದಳು. “ಎಡಗಡೆ ಜೇಬು ಜೋತು ಬಿದ್ದಿದೆ, ಬೀಗದ ಕೈ ಗೊಂಚಲು ಇಟ್ಟು ಇಟ್ಟು. ಮೊಣಕೈ ಎರಡೂ ಹೊಳೀತಾವೆ. ಕಾಲರಿಗೆ ತಲೆ ಎಣ್ಣೆ ಪಟ್ಟೆ. ಮೂರನೇ ಗುಂಡಿ ಬೇರೆ, ಇದು ನೀಲಿ. ನುಸಿಗುಳಿಗೆ ವಾಸನೆ.”

“ಇಷ್ಟೆಲ್ಲ ಯಾವಾಗ ನೋಡಿದೆ ನೀನು?”

“ನೀವು ಮಾತಾಡ್ತಿರ್ತೀರಲ್ಲ, ಆವಾಗ.”

ಕಾಲರಿನ ಗುತ್ತಿಗೆಯನ್ನು ಕಟಿಂಗ್ ಶಾಪಿನವನು ತಾನೇ ವಹಿಸಿಕೊಂಡ. ಬಂದ ಗಿರಾಕಿಗಳಿಗೆಲ್ಲ ಮೊದಲು ತಲೆಗೆ ಧಾರಾಳ ಎಣ್ಣೆ ತಿಕ್ಕುವುದು, ಆಮೇಲೆ ಕೋಟು ಹೊದಿಸಿ ಕುರ್ಚಿಯಲ್ಲಿ ಒರಗಿಸುವುದು.

“ಈ ಸೆಕೆಗೆ ಕೋಟು ಯಾಕಯ್ಯಾ?” ಅಂತ ಒಬ್ಬ ಕೇಳಿದ.

“ಹೊಸ ಪದ್ಧತಿ ಸಾರ್. ಕೂದಲು ಮೈ ಮೇಲೆ ಬೀಳಲ್ಲ.”

“ಕಣ್ಣು ಉರಿಯುತ್ತಲ್ಲಯ್ಯಾ, ಇದರ ಬಣ್ಣ ನೋಡಿದ್ರೆ!”

“ಅದಕ್ಕೇ ಸಾರ್ ಕಣ್ಣು ಮುಚ್ಚಿ ಅನ್ನೋದು.”

ಕೂದಲು ಮೈ ಮೇಲೆ ಬೀಳಲಿಲ್ಲ, ನಿಜ. ಎಲ್ಲ ಕೋಟಿನ ಮೇಲೆ ಬಿತ್ತು. ಮುದ್ರೆಯಣ್ಣ ಬಂದು ನೋಡುವಾಗ ಕಾಲರಿಗೇನೋ ಚೆಂದದ ಎಣ್ಣೆ ಪಟ್ಟೆ ಬಂದಿತ್ತು, ಆದರೆ ಇಡೀ ಕೋಟಿಗೆ ಕರಿ, ಬಿಳಿ, ಕಂದು ಬಣ್ಣದ ಗಡ್ಡ ಬೆಳೆದಿತ್ತು.

“ಹಳೇದು ಮಾಡು ಅಂದ್ರೆ ಸನ್ಯಾಸಿ ಮಾಡಿದ್ಯಲ್ಲೋ!”

ಕೊಡವಿದರೆ ಹೋಗಲಿಲ್ಲ, ಬಾಚಿದರೆ ಹೋಗಲಿಲ್ಲ. ಹೊಸ ಉಣ್ಣೆ ಒಂದೊಂದು ಕೂದಲನ್ನೂ ಸ್ವಂತ ಮಗುವಿನ ಹಾಗೆ ಹಿಡಿದುಕೊಂಡಿತ್ತು. ಆಗ ಯಾರೋ ಎದುರಿನ ಗ್ಯಾರೇಜಿನಲ್ಲಿ ಗಾಳಿ ಹೊಡೆಸು ಅಂದರು. ಗ್ಯಾರೇಜಿನವನು ಟೈರಿಗೆ ಗಾಳಿ ಹಾಕುವ ಪೈಪು ಹಿಡಿದು ಬುಸ್ ಅಂತ ಬಿಟ್ಟ. ಕೂದಲೆಲ್ಲ ಹಾರಿ, ಪಕ್ಕದಲ್ಲಿ ನಿಂತಿದ್ದ ಮುದ್ರೆಯಣ್ಣನ ಮುಖದಲ್ಲಿ ಕೂತವು.

“ಏನು ಸಮಾಚಾರ ಮಾವ, ಕೋಟು ಯಾರದು?” ಅಂತ ಗ್ಯಾರೇಜಿನವನು ಕೇಳಿದ. ಕೇಳಬಾರದಿತ್ತು. ಮುದ್ರೆಯಣ್ಣ ಇಲಿಯಿಂದ ಶುರು ಮಾಡಿ ಎಲ್ಲ ಹೇಳಿದ. ಗ್ಯಾರೇಜಿನವನ ಕಣ್ಣು ಹೊಳೆಯಿತು.

“ಅಯ್ಯೋ ಇಷ್ಟೇನಾ? ನಾನು ದಿನಾ ಹಳೇ ಗಾಡಿ ಹೊಸದು ಮಾಡ್ತೀನಿ. ಅದನ್ನೇ ಉಲ್ಟಾ ಮಾಡಿದ್ರಾಯ್ತು. ಹೋಗಿ ಟೀ ಕುಡಿದು ಬಾ.”

ಮೊಣಕೈಗಳಿಗೆ ಉಪ್ಪುಕಾಗದ ಹಾಕಿ ಉಜ್ಜಿದ. ಎಡಜೇಬಿಗೆ ಸ್ಪ್ಯಾನರುಗಳನ್ನು ತುಂಬಿ ಮೊಳೆಗೆ ನೇತುಹಾಕಿದ. ಜೇಬು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಇಳಿಯುತ್ತ ಬಂತು. ಅಲ್ಲಿಗೇ ಬಿಟ್ಟಿದ್ದರೆ ಅವನಿಗೊಂದು ದೊಡ್ಡ ನಮಸ್ಕಾರ ಹಾಕಬಹುದಿತ್ತು. ಆದರೆ ಕೈ ಕೂತ ಕೆಲಸಗಾರ ಅಲ್ಲಿಗೇ ಬಿಡುತ್ತಾನೆಯೇ? ಬೆನ್ನಿನ ಭಾಗ ಇನ್ನೂ ಹೊಸದಾಗಿದೆ ಅನ್ನಿಸಿ, ಕೋಟು ಹಾಕಿಕೊಂಡು ಲಾರಿಯ ಅಡಿಯಲ್ಲಿ ಅಂಗಾತ ಮಲಗಿ, ಎರಡು ಬೋಲ್ಟು ಬಿಗಿ ಮಾಡಿ ಬಂದ.

ಮುದ್ರೆಯಣ್ಣ ಟೀ ಕುಡಿದು ಬಂದಾಗ ಹೆಗಲ ಮೇಲೆ ಅಂಗೈಯಗಲದ ಗ್ರೀಸು.

“ಹಳೇದಾಯ್ತು ತಾನೆ?” ಅಂದ ಗ್ಯಾರೇಜಿನವನು ಹೆಮ್ಮೆಯಿಂದ.

“ಹಳೇದಲ್ಲಯ್ಯಾ, ಹೆಣ ಆಯ್ತು! ಸೆಕ್ರೆಟರಿ ಯಾವತ್ತು ಲಾರಿ ಕೆಳಗೆ ಮಲಗಿದ್ರು?”

ಹೊತ್ತು ಇಳಿಯತೊಡಗಿತ್ತು. ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಕಟಿಂಗ್ ಶಾಪಿನಿಂದ ಪೌಡರ್ ಡಬ್ಬಿ ತರಿಸಿ, ಗ್ರೀಸಿನ ಮೇಲೆ ಪೂರ್ತಿ ಸುರಿದು, ಅದರ ಮೇಲೆ ಒರಟು ಕಾಗದ ಹಾಸಿದಳು.

“ಈಗ ಇಸ್ತ್ರಿ ಹಿಡೀರಿ. ಕಾಗದ ಜಿಡ್ಡು ಎಳೆಯುತ್ತೆ. ಬಾಯಿ ತೆಗೀರಿ.”

“ಬಾಯಿ ಯಾಕೆ?”

ತೆಗೆದ ಬಾಯಿಗೆ, ಹಳೆಯ ಕೋಟಿನಿಂದ ಕಿತ್ತ ಆ ನೀಲಿ ಗುಂಡಿಯನ್ನು ಇಟ್ಟು ಮುಚ್ಚಿಸಿದಳು. “ಇದು ಬಾಯಲ್ಲಿ ಇರೋ ತನಕ ಮಾತಿಲ್ಲ. ಹೊಲಿಯೋವಾಗ ನಾನೇ ಕೇಳಿ ತಗೋತೀನಿ.”

ಮುದ್ರೆಯಣ್ಣ ತುಟಿ ಬಿಗಿದುಕೊಂಡು ಇಸ್ತ್ರಿ ಹಾಕಿದ. ಆಹಾ, ಆ ಕೈಯನ್ನು ಅವತ್ತು ನೋಡಬೇಕಿತ್ತು! ಕಾಗದ ಬದಲಿಸಿ ಬದಲಿಸಿ ಗ್ರೀಸನ್ನು ಪೂರ್ತಿ ಎಳೆದ. ಮೊಣಕೈಯಲ್ಲಿ ಉಪ್ಪುಕಾಗದದ ಗೀರು ಕಾಣುತ್ತಿತ್ತು. ಅಲ್ಲಿ ಒದ್ದೆ ಬಟ್ಟೆ ಹಾಸದೆ ಬರೀ ಉಣ್ಣೆಯ ಮೇಲೆ ಪೆಟ್ಟಿಗೆ ತಿಕ್ಕಿದ. ಹಾಗೆ ತಿಕ್ಕಬಾರದು, ತಿಕ್ಕಿದರೆ ಉಣ್ಣೆ ಹೊಳಪು ಬರುತ್ತದೆ ಅಂತ ಈ ಕೆಲಸ ಕಲಿತ ಮೊದಲ ದಿನವೇ ಹೇಳಿಕೊಡುತ್ತಾರೆ. ಇವತ್ತು ಬೇಕಿದ್ದದ್ದು ಅದೇ ಹೊಳಪು. ಸವೆದ ಮೊಣಕೈ ಕನ್ನಡಿಯ ಹಾಗೆ ಮಿಂಚಿತು. ತನ್ನ ಕೈಚಳಕ ನೋಡಿ ತಾನೇ ಏನಾದರೂ ಹೇಳಬೇಕು ಅನ್ನಿಸಿ ಮಾತು ತುಟಿಯವರೆಗೆ ಬಂತು. ಗುಂಡಿ ತಡೆಯಿತು.

ಉಳಿದದ್ದು ಸೆಟೆತ. “ಮೈಗೆ ಹಾಕ್ಕೊಂಡು ಸ್ವಲ್ಪ ಕೂತು ಎದ್ದು ಮಾಡಿ, ಮೈಶಾಖಕ್ಕೆ ಬಗ್ಗುತ್ತೆ” ಅಂದಳು ಹೆಂಡತಿ. ಹಾಕಿಕೊಂಡ. ಕೂತ, ಎದ್ದ, ಸೆಕ್ರೆಟರಿಯ ಹಾಗೆ ಬೆನ್ನಿಗೆ ಕೈಕಟ್ಟಿ ಓಡಾಡಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಸೆಕ್ರೆಟರಿಯವರ ಹೆಂಡತಿ ಇಳಿಯುತ್ತಿದ್ದರು. ಇವಳು ತಕ್ಷಣ ಇಸ್ತ್ರಿಗೆ ಬಂದಿದ್ದ ಒಂದು ಬೆಡ್‌ಶೀಟ್ ಎಳೆದು ಗಂಡನನ್ನು ಕತ್ತಿನವರೆಗೂ ಸುತ್ತಿದಳು, ಸುಟ್ಟ ಕೋಟನ್ನು ಮೇಜಿನ ಕೆಳಗೆ ಒದ್ದಳು.

“ಏನು ಮುದ್ರೆ, ಈ ಸೆಕೆಯಲ್ಲಿ ಹೊದ್ದು ನಿಂತಿದ್ದೀಯ?”

“ಚಳಿಜ್ವರ ಅಮ್ಮಾ” ಅಂದಳು ಹೆಂಡತಿ.

“ಅದಕ್ಕೇ ಮಾತಿಲ್ಲ! ನೀನು ಮಾತಾಡದೇ ಇರೋದು ಅಂದ್ರೆ ಜ್ವರ ತಲೆಗೇ ಏರಿರ್ಬೇಕು. ನೋಡು, ನಮ್ಮವರ ಕೋಟು ಸಂಜೆಗೆ ಬೇಕು. ಅದು ನಾನೇ ಆರಿಸಿದ್ದು ಗೊತ್ತಲ್ಲ? ಇಡೀ ಬೀದೀಲಿ ಅಂಥ ಬಣ್ಣ ಇನ್ನೊಬ್ಬರ ಮೈ ಮೇಲೆ ತೋರಿಸು ನೋಡೋಣ.”

ಬೆಡ್‌ಶೀಟಿನ ಅಡಿಯಲ್ಲಿ ಅದೇ ಬಣ್ಣ ಹಾಕಿಕೊಂಡು ನಿಂತ ಮುದ್ರೆಯಣ್ಣನಿಗೆ ಬೆವರು ಕಿತ್ತು ಬಂತು. ಆಕೆ ಹತ್ತಿರ ಬಂದು ಹಣೆ ಮುಟ್ಟಿ ನೋಡಿದರು. “ಅಯ್ಯೋ, ಬೆವರ್ತಾ ಇದ್ದಾನಲ್ಲೇ! ಎಲ್ಲಿ, ನಾಲಿಗೆ ತೆಗಿ.”

ನಾಲಿಗೆಯ ಮೇಲೆ ಗುಂಡಿ. ಮುದ್ರೆಯಣ್ಣನಿಗೆ ಉಳಿದದ್ದು ಒಂದೇ ದಾರಿ. ಗುಟುಕ್ ಅಂತ ನುಂಗಿ, ನಾಲಿಗೆ ತೆಗೆದ.

“ನಾಲಿಗೆ ಚೆನ್ನಾಗೇ ಇದೆ” ಅಂತ ಹೇಳಿ ಅವರು ಹೋದರು.

“ಗುಂಡಿ ಕೊಡಿ” ಅಂದಳು ಹೆಂಡತಿ.

ಮುದ್ರೆಯಣ್ಣ ಹೊಟ್ಟೆ ತೋರಿಸಿದ.

ಅವಳು ಅವನ ಮೈಮೇಲಿದ್ದ ಅಂಗಿಯಿಂದಲೇ ಒಂದು ನೀಲಿ ಗುಂಡಿ ಕಿತ್ತು, ಕೋಟಿಗೆ ಹೊಲಿದು, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ನುಸಿಗುಳಿಗೆಯನ್ನು ಪುಡಿ ಮಾಡಿ ಜೇಬಿಗೆ ಉದುರಿಸಿ ಕೊಡವಿದಳು. ಕೋಟನ್ನು ಹಗ್ಗದ ಮೇಲೆ ಹಾಕಿದರು. ಅದು ಉಸ್ ಅಂತ ಜೋತುಬಿತ್ತು. ಕಟಿಂಗ್ ಶಾಪಿನವನು ಕತ್ತರಿ ಕೈಯಲ್ಲೇ ಹಿಡಿದು ಬಂದು ಸುತ್ತಲೂ ತಿರುಗಿ ನೋಡಿ, “ಅಣ್ಣಾ, ಸೆಕ್ರೆಟರಿ ಇದರೊಳಗೆ ಇಲ್ಲ ಅನ್ನೋದೊಂದೇ ಕಮ್ಮಿ” ಅಂದ. ಗ್ಯಾರೇಜಿನವನು ಗ್ರೀಸು ಹೋದದ್ದಕ್ಕೆ ಸ್ವಲ್ಪ ಮುನಿಸಿಕೊಂಡರೂ ಜೇಬನ್ನು ನೋಡಿ ಸಮಾಧಾನಪಟ್ಟುಕೊಂಡ.

ಸಂಜೆ ಮುದ್ರೆಯಣ್ಣ ಮೂರನೇ ಮಹಡಿ ಹತ್ತಿದ. ಸುಟ್ಟದ್ದನ್ನು ಕೆಳಗೆ ಬಿಟ್ಟರೆ ಕಟಿಂಗ್ ಶಾಪಿನವನು ಗಿರಾಕಿಗಳಿಗೆಲ್ಲ ಪ್ರದರ್ಶನ ಇಡುತ್ತಾನೆ ಅನ್ನುವ ಭಯಕ್ಕೆ, ಅದನ್ನು ಚೀಲಕ್ಕೆ ತುರುಕಿ ಹೆಗಲಿಗೆ ಹಾಕಿಕೊಂಡಿದ್ದ. ಬಾಗಿಲು ತೆಗೆದವರು ಸೆಕ್ರೆಟರಿಯವರೇ. ಇವನು ಕೋಟನ್ನು ಎರಡೂ ಕೈಯಲ್ಲಿ ಹಸುಗೂಸಿನ ಹಾಗೆ ಒಪ್ಪಿಸಿದ.

ಸೆಕ್ರೆಟರಿ ಕೋಟು ಬಿಡಿಸಿದರು. ಎದೆ ನೋಡಿದರು. ತೋಳು ನೋಡಿದರು. ತಿರುಗಿಸಿ ಬೆನ್ನು ನೋಡಿದರು. ದೀಪಕ್ಕೆ ಹಿಡಿದು ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡ ಮುದ್ರೆಯಣ್ಣ.

“ಏನೂ ಆಗಿಲ್ವಾ?” ಅಂದರು ಸೆಕ್ರೆಟರಿ.

“ಏನೂ ಆಗಿಲ್ಲ ಸಾರ್. ಕೊಟ್ಟ ಹಾಗೇ ಇದೆ.”

“ಎಲ್ಲೂ? ಸ್ವಲ್ಪಾನೂ?”

“ಒಂದು ದಾರ ಕೂಡ ಆಚೀಚೆ ಆಗಿಲ್ಲ ಸಾರ್.”

ಸೆಕ್ರೆಟರಿ ಹೊರಗೆ ಬಂದು, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು, ಮೆಟ್ಟಿಲ ಮೇಲೆ ಕುಸಿದು ಕೂತರು. ಕೋಟು ತೊಡೆಯ ಮೇಲೆ ಬಿದ್ದಿತ್ತು.

“ನಾನು ನಿನಗೆ ಏನು ಅನ್ಯಾಯ ಮಾಡಿದ್ದೆನಯ್ಯಾ?”

“ಸಾರ್?”

“ನಾಲ್ಕನೇ ಮಹಡಿಯವರ ಪರದೆ ಸುಟ್ಟೆ. ಎದುರು ಮನೆಯವನ ಮದುವೆ ಸೂಟು ಸುಟ್ಟೆ. ಬೇಡ ಬೇಡ ಅನ್ನೋರದ್ದೆಲ್ಲ ಹುಡುಕಿ ಹುಡುಕಿ ಸುಟ್ಟೆ. ನಾನು ವಾರ ವಾರ ಇದನ್ನ ನಿನ್ನ ಕೈಗೆ ಕಳಿಸ್ತಾ ಇದ್ದೀನಿ, ಇವತ್ತು ಸುಡ್ತಾನೆ, ನಾಳೆ ಸುಡ್ತಾನೆ ಅಂತ. ನನ್ನ ಕೋಟಿನ ಮೇಲೆ ಮಾತ್ರ ಏನಯ್ಯಾ ನಿನಗೆ ಅಷ್ಟು ಭಕ್ತಿ?”

ಮುದ್ರೆಯಣ್ಣನ ಬಾಯಿ ತೆರೆದುಕೊಂಡಿತು. ಮಾತು ಬರಲಿಲ್ಲ. ಈ ಸಲ ಗುಂಡಿಯೇನೂ ಇರಲಿಲ್ಲ.

“ಅವಳು ಪ್ರೀತಿಯಿಂದ ತಂದದ್ದು, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಹರಿದ ಮೇಲೆ ಬಿಡಿ ಅಂತಾಳೆ. ಹರಿಯೋ ಜಾತೀದಾ ಇದು? ಬಸ್ಸಲ್ಲಿ ಬಿಟ್ಟು ಇಳಿದೆ, ಕಂಡಕ್ಟರ್ ಓಡಿ ಬಂದು ಕೊಟ್ಟ. ಮನೆಗೆ ಕಳ್ಳ ನುಗ್ಗಿದ್ದನಲ್ಲ, ನನ್ನ ಬನಿಯನ್ನೂ ಬಿಡಲಿಲ್ಲ, ಇದನ್ನ ಮಡಿಸಿ ಕುರ್ಚಿ ಮೇಲೆ ಇಟ್ಟು ಹೋದ. ನಾಳೆಯಿಂದ ಆ ವ್ಯಾನಿನವರು ಬಂದ್ರೆ ನನಗೆ ಇನ್ಯಾರು ದಿಕ್ಕು? ಅವರು ಪ್ಲಾಸ್ಟಿಕ್ಕಲ್ಲಿ ಸುತ್ತಿ ಇನ್ನೂ ನೂರು ವರ್ಷ ಕಾಪಾಡ್ತಾರೆ. ಕೊನೇ ಅವಕಾಶ ಅಂತ ಇವತ್ತು ಕಳಿಸಿದೆ. ಸುಟ್ಟಿದ್ರೆ, ನಿನ್ನ ಪರವಾಗಿ ಸಭೇಲಿ ನಾನು ಮೇಜು ಗುದ್ದೋನು.”

“ಸಾರ್, ಸುಟ್ಟಿದ್ದೀನಿ!” ಅಂತ ಮುದ್ರೆಯಣ್ಣ ಚೀರಿದ. “ನಿಮ್ಮಾಣೆ ಸುಟ್ಟಿದ್ದೀನಿ ಸಾರ್! ನೋಡಿ ಬೇಕಾದ್ರೆ!”

ಚೀಲದಿಂದ ಹಳೆಯ ಕೋಟು ಹೊರಗೆ ಬಂತು. ಸೆಕ್ರೆಟರಿ ತೂತಿನಲ್ಲಿ ಮೊದಲು ಒಂದು ಬೆರಳು ಹಾಕಿದರು, ಆಮೇಲೆ ಕೈ ಹಾಕಿದರು, ಆಮೇಲೆ ಅದರೊಳಗಿಂದ ಮುದ್ರೆಯಣ್ಣನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರಾಡಿತು.

“ಎಂಥಾ ಕೆಲಸ ಮಾಡಿದ್ಯಯ್ಯಾ! ಹಾಗಾದ್ರೆ ಇದು?”

“ಅಂಥದ್ದೇ ಹೊಸದು ಸಾರ್. ಬೆಳಿಗ್ಗೆಯಿಂದ ಕೂತು ಹಳೇದು ಮಾಡಿದ್ದು.”

“ದುಷ್ಟ! ತೆಗಿ ಅದನ್ನ! ಚೀಲಕ್ಕೆ ಹಾಕು, ಬೇಗ, ಅವಳು ಬರೋದ್ರೊಳಗೆ...”

ಬಾಗಿಲು ತೆರೆಯಿತು. ಆಕೆ ಬಂದು ನಿಂತಿದ್ದರು. ಗಂಡನ ಕೈಯಲ್ಲಿ ಒಂದು ಕೋಟು, ಇಸ್ತ್ರಿಯವನ ಕೈಯಲ್ಲಿ ಒಂದು. ಆಕೆಯ ಕಣ್ಣು ತೂತಿನ ಮೇಲೆ ನಿಂತಿತು. ಆಮೇಲೆ ಇನ್ನೊಂದು ಕೋಟಿನ ಮೇಲೆ. ಮುಟ್ಟಿದರು, ಮೊಣಕೈ ಸವರಿದರು, ಮೂಸಿದರು.

“ನೀನು ಸುಟ್ಟೆ” ಅಂದರು. “ಸುಟ್ಟು, ಇವರಿಗೆ ಬೇಜಾರಾಗಬಾರದು ಅಂತ ಅದೇ ಬಣ್ಣದ್ದು ಹುಡುಕಿ ತಂದೆ. ತಂದು, ಹೊಸದು ಅಂತ ಗೊತ್ತಾಗಬಾರದು ಅಂತ ಇಷ್ಟೆಲ್ಲ ಕಷ್ಟಪಟ್ಟೆ. ಜ್ವರ ಬೇರೆ.”

“ಹೌದಮ್ಮಾ” ಅಂದ ಮುದ್ರೆಯಣ್ಣ. ಬೇರೇನು ಹೇಳುತ್ತಾನೆ?

“ಅಂಥದ್ದು ಇನ್ನೊಂದು ಇರುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ಕೇಳಿದ್ರೇನ್ರೀ? ನಿಮ್ಮ ಕೋಟಿಗೆ ಇಷ್ಟು ಮರ್ಯಾದೆ ಕೊಡೋನ್ನ ಬಿಟ್ಟು ವ್ಯಾನಿನವರಿಗೆ ಜಾಗ ಕೊಡ್ತೀರಾ? ಈ ತೂತಿಗೇನು, ಒಳಗಿಂದ ತೇಪೆ ಹಾಕಿ ನಾನೇ ಹೊಲೀತೀನಿ. ಮನೇಲಿ ಹಾಕ್ಕೊಳ್ಳೋಕೆ ಇದು, ಹೊರಗೆ ಹೋಗೋಕೆ ಅದು. ಇನ್ನು ನೀವು ಕೋಟಿಲ್ಲದೆ ಒಂದು ಗಳಿಗೆ ಇರೋ ಹಾಗಿಲ್ಲ.”

ಸುಟ್ಟ ಕೋಟನ್ನು ಕಿತ್ತುಕೊಂಡು ಸೂಜಿ ಹುಡುಕಲು ಒಳಗೆ ಹೋದರು. ಹೋಗುತ್ತ ಬಾಗಿಲಲ್ಲಿ ನಿಂತು, ಮುದ್ರೆಯಣ್ಣನಿಗೆ ಬೆರಳು ತೋರಿಸಿ ಹೇಳಿದರು. “ಎರಡೂ ವಾರ ವಾರ ನಿನ್ನ ಹತ್ರಾನೇ ಬರ್ತವೆ. ಒಂದಕ್ಕೆ ಒಂದು ಚುಕ್ಕೆ ಬಿತ್ತೋ, ಆ ಜಾಗ ನಾನೇ ಖಾಲಿ ಮಾಡಿಸ್ತೀನಿ.”

ಮೆಟ್ಟಿಲ ಮೇಲೆ ಇಬ್ಬರೇ ಉಳಿದರು. ಸೆಕ್ರೆಟರಿ ಹೊಸ ಹಳೆಯ ಕೋಟನ್ನು ನಿಧಾನವಾಗಿ ಹಾಕಿಕೊಂಡರು. ಅಳತೆ ಮಾಡಿ ಹೊಲಿದ ಹಾಗೆ ಕೂತಿತು, ಅದು ಬೇರೆ ಕೇಡು. ಮುದ್ರೆಯಣ್ಣನ ಕಿವಿಗೆ ಬಾಯಿ ಇಟ್ಟು ಹೇಳಿದರು.

“ಜಾಗ ನಿನಗೇ ಕೊಡಿಸ್ತೀನಿ. ಅವಳು ಹೇಳಿದ್ಮೇಲೆ ಮುಗೀತು. ಆದ್ರೆ ಎರಡೂ ಕೋಟು ಸುಡಬೇಕು. ಎರಡೂ! ಸುಡಲಿಲ್ಲವೋ, ವ್ಯಾನಿನವರನ್ನ ನಾನೇ ಫೋನ್ ಮಾಡಿ ಕರೀತೀನಿ.”

ಸಭೆ ನಡೆಯಿತು. ಸೆಕ್ರೆಟರಿ ಮೇಜು ಗುದ್ದಿದರು. ಮೆಟ್ಟಿಲ ಕೆಳಗಿನ ಜಾಗ ಮುದ್ರೆಯಣ್ಣನದೇ ಅಂತ ಆಯಿತು. ಕೆಳಗೆ ಕಟಿಂಗ್ ಶಾಪಿನವನು ಪೌಡರ್ ಹಾರಿಸಿದ, ಗ್ಯಾರೇಜಿನವನು ಹಾರ್ನ್ ಹೊಡೆದ. ಹೆಂಡತಿ ಮಾತ್ರ ಗಂಡನ ಮುಖ ನೋಡಿದಳು.

“ಜಾಗ ಉಳೀತಲ್ಲ, ಮತ್ಯಾಕ್ರೀ ಮುಖ ಹೀಗೆ?”

ಮುದ್ರೆಯಣ್ಣ ಎಲ್ಲ ಹೇಳಿದ. “ಸುಟ್ರೆ ಆಯಮ್ಮ ಓಡಿಸ್ತಾರೆ, ಸುಡದಿದ್ರೆ ಆಯಪ್ಪ ಓಡಿಸ್ತಾರೆ. ಬೆಳಿಗ್ಗೆ ಒಂದು ಕೋಟಿನ ಭಯ ಇತ್ತು, ಈಗ ಎರಡರದು. ನಾನೇ ಕೈಯಾರೆ ಇನ್ನೊಂದು ಮಾಡಿ ಕೊಟ್ಟು ಬಂದೆ ಕಣೇ.”

ಅವಳು ಮೇಜಿನ ಮೇಲಿನ ಧೂಳು ಒರೆಸಿ, ಬಟ್ಟೆ ಗಂಟು ಬಿಚ್ಚಿದಳು.

“ಎರಡು ಕೋಟಿದ್ದದ್ದೇ ಒಳ್ಳೇದಾಯ್ತು ಬಿಡಿ. ಒಂದನ್ನ ಸುಡಿ, ಒಂದನ್ನ ಉಳಿಸಿ. ಅವರಿಗೆ ಅರ್ಧ ಸಿಟ್ಟು ಅರ್ಧ ಖುಷಿ, ಇವರಿಗೆ ಅರ್ಧ ಸಿಟ್ಟು ಅರ್ಧ ಖುಷಿ. ಅರ್ಧ ಸಿಟ್ಟಿಗೆ ಯಾರೂ ಯಾರನ್ನೂ ಓಡಿಸಲ್ಲ. ಇಷ್ಟು ವರ್ಷ ನಾನು ನಿಮ್ಮನ್ನ ಇಟ್ಕೊಂಡಿರೋದು ಹೇಗೆ ಅಂದ್ಕೊಂಡಿದ್ದೀರಿ?”